ತಂಗಿ ಹೊಲಿದ ಬೂಟು

ಸೇನೆಯ ಉಗ್ರಾಣದಲ್ಲಿ ಅವನನ್ನು ಎಲ್ಲರೂ ಬೂಟಪ್ಪ ಎಂದೇ ಕರೆಯುತ್ತಿದ್ದರು. ಗುತ್ತಿಗೆದಾರರು ತಂದ ಹಿಮದ ಬೂಟುಗಳಿಗೆ ನೀರು ತುಂಬಿ ಕೊಕ್ಕೆಗೆ ತೂಗುಹಾಕುವುದು, ಬೆಳಿಗ್ಗೆ ಕೆಳಗಿನ ನೆಲ ಒದ್ದೆಯಾಗಿದ್ದರೆ ಇಡೀ ಮಾಲನ್ನು ವಾಪಸು ಕಳಿಸುವುದು ಅವನ ಕೆಲಸ. ಯಾರ ಮುಂದೆಯೂ ಕೈಚಾಚಿದವನಲ್ಲ. ಒಬ್ಬ ಗುತ್ತಿಗೆದಾರ ಮೆಲ್ಲಗೆ ಸಿಹಿಯ ಡಬ್ಬಿ ಸರಿಸಿದಾಗ ಅದಕ್ಕೂ ನೀರು ತುಂಬಿ ತೂಗುಹಾಕಿದ ಮಹಾರಾಯ!

ಅಂಥವನಿಗೆ ಹೊಸ ಕಾನೂನು ಕೇಳಿ ಮೈಯೆಲ್ಲ ಉರಿದುಹೋಯಿತು. ಉಳಿದ ಸರ್ಕಾರಿ ನೌಕರರಿಗಿದ್ದ ನಿಯಮ ಇನ್ನು ಸಮವಸ್ತ್ರದವರಿಗೂ ಅನ್ವಯವಂತೆ. ಸೇನೆಗೆ ಮಾಲು ಮಾರುವ ನೆಂಟರಿದ್ದರೆ ಬಾಯಿಬಿಟ್ಟು ಹೇಳಬೇಕು, ಅವರ ಮಾಲನ್ನು ತಾನು ಪಾಸು ಮಾಡಕೂಡದು. ಬೂಟಪ್ಪನ ತಂಗಿ, ಗಂಡ ತೀರಿಕೊಂಡ ಮೇಲೆ ಅವನ ಬೂಟಿನ ಪುಟ್ಟ ಕಾರ್ಖಾನೆಯನ್ನು ತಾನೇ ನಡೆಸುತ್ತಿದ್ದಳು, ಹೊಲಿಗೆಯೂ ಅವಳದೇ. ಸೇನೆಯ ಗುತ್ತಿಗೆಯೊಂದೇ ಅವಳ ಅನ್ನ.

"ಸಾರ್, ತಂಗಿ ಹತ್ರ ನಾನು ಕಮಿಷನ್ ತಿಂದಿದೀನಾ?" ಎಂದು ಮೇಜರ್ ಮುಂದೆ ಕೂಗಾಡಿದ.

"ಯಾರೂ ಹಾಗಂದಿಲ್ಲ ಕಣಯ್ಯ. ಅವರ ಬೂಟನ್ನ ಇನ್ಮೇಲೆ ಬೇರೆಯವರು ನೋಡ್ತಾರೆ, ಅಷ್ಟೇ."

ಹೊಸದಾಗಿ ಬಂದ ಪರೀಕ್ಷಕಿ ತಂಗಿಯ ಬೂಟುಗಳಿಗೆ ನೀರು ತುಂಬಿ ತೂಗುಹಾಕಿದಳು. ಬೆಳಿಗ್ಗೆ ನೆಲವೆಲ್ಲ ಒದ್ದೆ. ಬೂಟಪ್ಪ ಕೊಕ್ಕೆ ಸರಿಯಿಲ್ಲ ಎಂದ, ಚಾವಣಿ ಸೋರಿರಬೇಕು ಎಂದ. ಅವಳು ಸಮಾಧಾನದಿಂದಲೇ ಕೇಳಿದಳು: "ಇಷ್ಟು ದಿನ ನೀವು ಇವನ್ನ ಹೇಗೆ ನೋಡ್ತಿದ್ರಿ?"

ತಂಗಿಯ ಬೂಟಿಗೆ ಅವನು ಒಮ್ಮೆಯೂ ನೀರು ತುಂಬಿರಲಿಲ್ಲ. ಅವಳ ಹೊಲಿಗೆಗೂ ಪರೀಕ್ಷೆಯೇ? ಚಿಕ್ಕಂದಿನಲ್ಲಿ ಅವಳು ಹೊಲಿದುಕೊಟ್ಟ ಶಾಲೆಯ ಚೀಲದ ಬಟ್ಟೆ ಹರಿದರೂ ಹೊಲಿಗೆ ಬಿಟ್ಟಿರಲಿಲ್ಲ. ಹೆಬ್ಬೆರಳಿನಿಂದ ಒಮ್ಮೆ ಸವರಿ, ಪಾಸು ಎಂದುಬಿಡುತ್ತಿದ್ದ. ಅದನ್ನು ಯಾರೂ ಲಂಚ ಎನ್ನಲಾರರು, ಅವನೂ ಅಂದುಕೊಂಡಿರಲಿಲ್ಲ.

ಹೋದ ಚಳಿಗಾಲ ಗಡಿಯಿಂದ ಮರಳಿದ ಸಿಪಾಯಿಯೊಬ್ಬ ನೆನಪಾದ. ಹಿಮದಲ್ಲಿ ಕಾಲ್ಬೆರಳು ಕಪ್ಪಾಗಿ, ಕತ್ತರಿಸಬೇಕಾಗಿ ಬಂದಿತ್ತು. ಬೂಟು ಸೋರುತ್ತಿತ್ತು ಎಂದವನನ್ನು ಬೂಟಪ್ಪ ಎಲ್ಲರೆದುರು, "ಕಾಲ್ಚೀಲ ಬದಲಿಸೋಕೂ ಸೋಮಾರಿತನ," ಎಂದು ಹೀಯಾಳಿಸಿದ್ದ. ಬೂಟು ಹಂಚಿದ ಪುಸ್ತಕ ತೆರೆದು ನೋಡಿದ: ಆ ಸಿಪಾಯಿಗೆ ಹೋದದ್ದು ತಂಗಿ ಹೊಲಿದ ಜೋಡಿಯೇ.

ಸಂಜೆ ಕಾರ್ಖಾನೆಗೆ ಹೋದ. ತಂಗಿ ಕಿಟಕಿಯ ಹತ್ತಿರ ಕೂತು ಸೂಜಿಯ ಕಣ್ಣನ್ನು ಬೆರಳಲ್ಲಿ ತಡವಿ ತಡವಿ ದಾರ ಪೋಣಿಸುತ್ತಿದ್ದಳು. ಅವನು ಬಾಗಿಲಲ್ಲಿ ನಿಂತಿದ್ದರೂ, "ಯಾರು?" ಎಂದಳು.

"ಕಣ್ಣು ಯಾವಾಗಿಂದ ಹೀಗೆ?"

"ಮಂಜಾಗ್ತಾ ಬಂದು ಬಹಳ ದಿನ ಆಯ್ತಣ್ಣ."

"ನಂಗ್ಯಾಕೆ ಹೇಳಲಿಲ್ಲ?"

"ಹೊಲಿಗೆ ಕೆಟ್ಟಿದ್ರೆ ನೀನು ಬಿಡೋನಾ? ತಂಗಿ ಅಂತ ನೋಡದೆ ಮುಖಕ್ಕೆ ಎಸೀತಿದ್ದೆ. ನೀನು ಪಾಸು ಮಾಡಿದಾಗೆಲ್ಲ, ಸದ್ಯ, ಕಣ್ಣು ಹೋದ್ರೂ ಕೈ ನೆಟ್ಟಗಿದೆ ಅಂತ ಧೈರ್ಯ ತಂದ್ಕೊಂಡು ಮುಂದಿನದು ಹೊಲಿತಿದ್ದೆ."

ಬೂಟಪ್ಪ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತ. ಅವನ ಉಸಿರು ಬಿಕ್ಕುವುದು ಕೇಳಿ ಅವಳ ಕೈ ನಿಂತಿತು.

"ಯಾರಿಗಾದ್ರೂ ಏನಾದ್ರೂ ಆಯ್ತಾ ಅಣ್ಣಾ?"

"ಒಬ್ಬನ ಕಾಲ್ಬೆರಳು ಹೋಯ್ತಮ್ಮ," ಎಂದ. "ಇನ್ನೂ ಎಷ್ಟು ಜನರದ್ದೋ, ನಾನು ಕೇಳೇ ಇಲ್ಲ."