ಕ್ರೇನಕ್ಕ ತನಗೆ ತಾನೇ ಹೇಳಿಕೊಂಡದ್ದು

ಆ ಆಸ್ಪತ್ರೆಯ ಕಟ್ಟಡ ಒಂಬತ್ತನೇ ಮಹಡಿ ಮುಟ್ಟುವ ಹೊತ್ತಿಗೆ ಸಿಗ್ನಲ್ ಅಣ್ಣನಿಗೆ ಐವತ್ತಾರು ತುಂಬಿತ್ತು. ನೆಲದ ಮೇಲೆ ನಿಂತು, ವಾಕಿಟಾಕಿಯಲ್ಲಿ ‘ಮೇಲೆ, ಎಡಕ್ಕೆ, ನಿಧಾನ, ಸಾಕು’ ಎಂದು ಕ್ರೇನಿಗೆ ದಾರಿ ಹೇಳುವುದು ಅವನ ಕೆಲಸ. ಅರವತ್ತು ಮೀಟರ್ ಎತ್ತರದ ಗಾಜಿನ ಕ್ಯಾಬಿನ್ನಿನಲ್ಲಿ ಕುಳಿತು ಆ ಮಾತಿನಂತೆ ಭಾರ ಎತ್ತಿ ಇಳಿಸುವವಳು ಕ್ರೇನಕ್ಕ. ವಯಸ್ಸು ನಲವತ್ತರ ಆಸುಪಾಸು, ಗಟ್ಟಿ ಮೈಕಟ್ಟು, ಮೆತ್ತನೆಯ ದನಿ.

ಐದು ವರ್ಷದಿಂದ ಇಬ್ಬರದೂ ಜೋಡಿ. ಕಬ್ಬಿಣದ ತೊಲೆಯನ್ನು ಅವಳು ಇಳಿಸಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಕೆಳಗಿನ ಧೂಳು ಕೂಡ ಏಳುವುದಿಲ್ಲ ಎಂದು ಸಿಗ್ನಲ್ ಅಣ್ಣ ಮನೆಯಲ್ಲಿ ಹೊಗಳುತ್ತಿದ್ದ. ನನ್ನ ಅಡುಗೆಗೆ ಇಂಥ ಒಂದು ಮಾತು ಬಂದದ್ದುಂಟೇ ಎಂದು ಹೆಂಡತಿ ಕೇಳಿದರೆ ತಟ್ಟೆಯ ಕಡೆ ತಿರುಗುತ್ತಿದ್ದ. ಕೈಚಳಕಕ್ಕಿಂತ ಅವನಿಗೆ ಹೆಚ್ಚು ಹಿಡಿಸಿದ್ದು ಅವಳ ನಾಲಿಗೆ. ಹೊಸಬನೊಬ್ಬ ಹಗ್ಗ ತಪ್ಪಾಗಿ ಬಿಗಿದು ಮೇಸ್ತ್ರಿಯ ಹತ್ತಿರ ಬೈಸಿಕೊಳ್ಳುತ್ತಿದ್ದರೆ, ಮೇಲಿನಿಂದ ಅವಳ ದನಿ ಬರುತ್ತಿತ್ತು: “ಪರವಾಗಿಲ್ಲ, ಬಿಚ್ಚಿ ಇನ್ನೊಂದ್ಸಲ ಕಟ್ಟಿ. ನಾನು ಕಾಯ್ತೀನಿ.”

ಆ ವರ್ಷದ ಬಿರುಗಾಳಿಯ ತಿಂಗಳಲ್ಲಿ ಒಂದು ಅವಘಡವಾಯಿತು. ಸರಳಿನ ಕಟ್ಟು ಮೇಲೇರುತ್ತಿದ್ದಾಗ ಎಲ್ಲಿಂದಲೋ ಗಾಳಿ ನುಗ್ಗಿ, ಕಟ್ಟು ತೂಗಾಡಿ, ಹೊಸದಾಗಿ ಕಟ್ಟಿದ್ದ ಗೋಡೆಗೆ ಬಡಿಯಿತು. ಅರ್ಧ ಗೋಡೆ ಉರುಳಿತು. ಕೆಳಗೆ ಯಾರೂ ಇರಲಿಲ್ಲ, ಪುಣ್ಯ. ವಿಚಾರಣೆ ಮಾಡಿದವರು ಗಾಳಿಯ ಲೆಕ್ಕ ನೋಡಿ, ಇದರಲ್ಲಿ ಅವಳ ತಪ್ಪೇನೂ ಇಲ್ಲವೆಂದು ಬರೆದುಕೊಟ್ಟರು. ಆದರೂ ಬಿದ್ದವರಿಗೆ ಆಳಿಗೊಂದು ಕಲ್ಲು. ಹೆಂಗಸಿನ ಕೈಗೆ ಕ್ರೇನು ಕೊಟ್ಟರೆ ಇನ್ನೇನಾಗುತ್ತೆ ಎಂದು ಕೆಲವರು ಆಡಿಕೊಂಡರು. ಹದಿನೈದು ದಿನಕ್ಕೆ ಅವರೆಲ್ಲ ಮರೆತರು.

ಕ್ರೇನಕ್ಕ ಮಾತ್ರ ಮರೆಯಲಿಲ್ಲ. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ತೆಗೆದುಕೊಳ್ಳತೊಡಗಿದಳು. ಭಾರವನ್ನು ನಡುಗಾಳಿಯಲ್ಲೇ ನಿಲ್ಲಿಸಿ, ಸರಿ ಇದೆಯಾ ಎಂದು ಮೂರು ಮೂರು ಸಲ ಕೇಳುವಳು. ಮಧ್ಯಾಹ್ನ ಎಲ್ಲರ ಜೊತೆ ಕೂತು ಊಟ ಮಾಡುವುದನ್ನೂ ಬಿಟ್ಟಳು. ಮುಖ ಬತ್ತಿ, ಕಣ್ಣ ಕೆಳಗೆ ಕಪ್ಪು ಬಿತ್ತು.

ಒಂದು ಬೆಳಗ್ಗೆ ಅವಳ ವಾಕಿಟಾಕಿಯ ಗುಂಡಿ ಒತ್ತಿದಲ್ಲೇ ಸಿಕ್ಕಿಹಾಕಿಕೊಂಡಿತು. ಮೇಲಿನದೆಲ್ಲ ಕೆಳಗೆ ಕೇಳುತ್ತಿತ್ತು, ಕೆಳಗಿನ ಮಾತು ಮೇಲೆ ಹೋಗುತ್ತಿರಲಿಲ್ಲ. ಸಿಗ್ನಲ್ ಅಣ್ಣನ ಕಿವಿಗೆ ಆ ಮೆತ್ತನೆಯ ದನಿ ಬಿತ್ತು: “ಕೈಲಾಗದವಳೇ, ನಡುಗ್ತಿದೆ ನೋಡು ಕೈ. ಇವತ್ತು ಯಾರನ್ನ ಸಾಯಿಸ್ತೀಯ? ನಿನ್ನಂಥ ದರಿದ್ರದವಳನ್ನ ಇಲ್ಲಿ ಯಾಕೆ ಇಟ್ಕೊಂಡಿದಾರೋ.”

ಅವನಿಗೆ ಹಾವು ತುಳಿದಂತಾಯಿತು. ಎರಡೂ ಕೈ ಅಗಲಿಸಿ, ನಿಲ್ಲಿಸು ಎಂದು ಸನ್ನೆ ಮಾಡಿದ. ಅವಳು ತಕ್ಷಣ ನಿಲ್ಲಿಸಿ, ಗುಂಡಿ ಬಿಡಿಸಿಕೊಂಡು, ಏನಾಯ್ತಣ್ಣ ಎಂದಳು. ಗುಂಡಿ ಸಿಕ್ಕಿಕೊಂಡಿತ್ತು ಎಂದಷ್ಟೇ ಹೇಳಿದ. ಆದರೆ ಊಟದ ಹೊತ್ತಿಗೆ ಏಣಿಯ ಬುಡದಲ್ಲೇ ಕಾದು ನಿಂತ. ಕೇಳಿಸಿಕೊಂಡು ಕೇಳದವನ ಹಾಗೆ ಇರುವುದು ಕದ್ದಂತೆ ಎಂದು ಅವನ ಮನಸ್ಸು ಹೇಳಿತ್ತು.

ವಿಷಯ ತಿಳಿದು ಅವಳ ಮುಖ ಕೆಂಪಾಯಿತು. ಹೆಲ್ಮೆಟ್ ಕೈಯಲ್ಲಿ ತಿರುಗಿಸುತ್ತ, ಬೈದುಕೊಳ್ಳದಿದ್ದರೆ ಮೈಮರೆಯುತ್ತೇನೆ, ಅದಕ್ಕೇ ಬೈದುಕೊಳ್ಳುತ್ತೇನೆ ಎಂದಳು.

“ಮೈಮರೀತೀಯಾ? ನಿನ್ನ ಕೈ ನಡುಗ್ತಿರೋದೇ ಆ ಬೈಗುಳಕ್ಕೆ ತಾಯಿ,” ಎಂದ ಅವನು. “ನನ್ನ ಕೈ ನಡುಗಿದ್ರೆ ನೀನು ಏನಂತಿದ್ದೆ?”

ಹೆಲ್ಮೆಟ್ ತಿರುಗಿಸುವುದು ನಿಂತಿತು. “ನಿಧಾನ ಅಣ್ಣ, ಒಂದು ಉಸಿರು ತಗೊಳ್ಳಿ ಅಂತಿದ್ದೆ.”

“ಮತ್ತೆ ಮೇಲೆ ಕೂತಿರೋಳು ನಿನಗೇನು ಮಲತಾಯಿ ಮಗಳಾ?”

ನಗಬಾರದೆಂದು ತುಟಿ ಕಚ್ಚಿಕೊಂಡರೂ ಅವಳಿಗೆ ನಗು ಬಂತು. ಜೊತೆಗೇ ಕಣ್ಣೂ ತುಂಬಿತು.

ಒಂದೇ ದಿನಕ್ಕೆ ಏನೂ ಸರಿಹೋಗಲಿಲ್ಲ. ಬೈಗುಳದ ಬದಲು ತನ್ನನ್ನೇ ‘ಅಕ್ಕ’ ಎಂದು ಕರೆದು ಸಮಾಧಾನ ಹೇಳಿಕೊಳ್ಳುವುದು ಮೊದಮೊದಲು ನಾಟಕದ ಹಾಗಿತ್ತಂತೆ. ಆದರೂ ಬಿಡಲಿಲ್ಲ. ಮೂರು ವಾರ ಕಳೆಯುವುದರೊಳಗೆ ಸಿಗ್ನಲ್ ಅಣ್ಣನಿಗೆ ಬದಲಾವಣೆ ಕೊಕ್ಕೆಯ ತುದಿಯಲ್ಲೇ ಕಾಣತೊಡಗಿತು. ಭಾರ ನಡುವೆ ತಡೆಯದೆ ಏರುತ್ತಿತ್ತು.

ಆಮೇಲೆ ಬಂದದ್ದು ದೊಡ್ಡ ಪರೀಕ್ಷೆ. ಇಡೀ ಆಸ್ಪತ್ರೆಗೆ ತಂಪು ಗಾಳಿ ಕೊಡುವ ಆರು ಟನ್ನಿನ ಯಂತ್ರವನ್ನು ಛಾವಣಿಯ ಮೇಲೆ, ನಾಲ್ಕು ಬೋಲ್ಟುಗಳಿಗೆ ಸರಿಯಾಗಿ ಕೂರಿಸಬೇಕಿತ್ತು. ಹೊರಗಿನಿಂದ ಬೇರೆ ಆಪರೇಟರನ್ನು ಕರೆಸೋಣವೇ ಎಂದು ಎಂಜಿನಿಯರು ಕೇಳಿದ. ನಾನೇ ಎತ್ತುತ್ತೇನೆ, ಆದರೆ ಗಾಳಿ ಮಿತಿ ದಾಟಿದರೆ ಯಾರನ್ನೂ ಕೇಳದೆ ಇಳಿಸಿಬಿಡುತ್ತೇನೆ ಎಂದಳು ಕ್ರೇನಕ್ಕ.

ಯಂತ್ರ ಐದನೇ ಮಹಡಿಯ ಮಟ್ಟಕ್ಕೆ ಏರಿತ್ತು. ಗಾಳಿ ಎದ್ದಿತು. ಹಿಂದಿನ ಸಲದ್ದೇ ಗಾಳಿ, ಅದೇ ದಿಕ್ಕು. ಸಿಗ್ನಲ್ ಅಣ್ಣ ಗುಂಡಿ ಒತ್ತಲು ಬೆರಳಿಟ್ಟ. ಅಷ್ಟರಲ್ಲಿ ವಾಕಿಟಾಕಿಯಲ್ಲಿ ಅವಳ ದನಿ, ಒಂದಿಷ್ಟೂ ಅದುರದೆ, “ಇಳಿಸ್ತಿದೀನಿ ಅಣ್ಣ” ಎಂದಿತು. ಯಂತ್ರ ಹತ್ತಿದ ದಾರಿಯಲ್ಲೇ ಹಿಂದಿರುಗಿ ಲಾರಿಯ ಮೇಲೆ ಕುಳಿತಿತು. ಹೊತ್ತು ಹಾಳಾಯಿತೆಂದು ಎಂಜಿನಿಯರು ಗೊಣಗಿದ. ಎರಡು ಗಂಟೆಯ ಮೇಲೆ ಗಾಳಿ ಅಡಗಿದಾಗ ಅವಳು ಮತ್ತೆ ಎತ್ತಿ, ನಾಲ್ಕು ಬೋಲ್ಟಿನ ಮೇಲೆ ನಾಲ್ಕು ತೂತು ಕೂರಿಸಿದಳು. ಛಾವಣಿಯ ಮೇಲಿದ್ದವರು ಅದನ್ನು ಅಂಗೈಯಷ್ಟೂ ತಳ್ಳಬೇಕಾಗಲಿಲ್ಲ.

ಕೆಳಗಿಳಿದು ಬಂದವಳಿಗೆ ಸಿಗ್ನಲ್ ಅಣ್ಣ ನೀರಿನ ಬಾಟಲಿ ಕೊಟ್ಟು, ಗಾಳಿ ಎದ್ದಾಗ ಮೇಲೆ ಏನು ಹೇಳಿಕೊಂಡೆ ಎಂದು ಕೇಳಿದ.

“ಹಳೇ ದನಿ ಬೈಯೋಕೆ ಶುರು ಮಾಡ್ತು ಅಣ್ಣ. ಅದೆಲ್ಲೂ ಹೋಗಿಲ್ಲ, ದಿನಾ ನನ್ನ ಜೊತೇಲೇ ಏಣಿ ಹತ್ತುತ್ತೆ,” ಎಂದಳು. “ನಾನು ಅಂದೆ, ಅಕ್ಕ, ಗಾಳಿ ನಿನ್ನ ಮಾತು ಕೇಳಲ್ಲ, ನಿನ್ನ ಕೈ ಕೇಳುತ್ತೆ. ಇಳಿಸು. ಇವತ್ತಲ್ಲದಿದ್ರೆ ನಾಳೆ.”

ಯಂತ್ರ ಕೂರಿಸಿದ್ದಕ್ಕಿಂತ ಇಳಿಸಿದ್ದೇ ದೊಡ್ಡದು ಎಂದು ಅವನಿಗೆ ಅನಿಸಿತು. ಆ ಬುದ್ಧಿಯನ್ನು ಹೇಳಿಕೊಟ್ಟವನು ತಾನು ಎಂಬ ಹೆಮ್ಮೆ ಒಂದು ಗಳಿಗೆ ಬಂದು, ಅಲ್ಲೇ ನಾಚಿಕೆಯಾಗಿ ಕರಗಿತು. ತಾನು ಹೇಳಿದ್ದು ಎರಡು ಮಾತು; ಅದನ್ನು ದಿನಕ್ಕೆ ನೂರು ಸಲ, ಒಬ್ಬಳೇ, ಅಷ್ಟೆತ್ತರದಲ್ಲಿ ಹೇಳಿಕೊಂಡವಳು ಅವಳು.

ಕಟ್ಟಡ ಮುಗಿದ ಮೇಲೆ ಕಂಪನಿ ಅವಳನ್ನು ಇನ್ನೂ ಎತ್ತರದ ಕ್ರೇನಿಗೆ ಕರೆಯಿತು. ಕೆಳಗೆ ಈ ಅಣ್ಣನೇ ಇರಬೇಕು ಎಂದು ಅವಳು ಒಂದೇ ಷರತ್ತು ಹಾಕಿದಳು. ಸುದ್ದಿ ತಂದ ಮೇಸ್ತ್ರಿಗೆ ಸಿಗ್ನಲ್ ಅಣ್ಣ, ನಿಂತು ನಿಂತು ಸವೆದ ತನ್ನ ಮಂಡಿಯನ್ನು ಒಂದು ಮಾತು ಕೇಳಿ ಹೇಳುತ್ತೇನೆ ಎಂದ. ಮಾರನೆಯ ಬೆಳಗ್ಗೆ ಎಲ್ಲರಿಗಿಂತ ಮೊದಲು ಹೊಸ ಜಾಗದ ಗೇಟಿನ ಹತ್ತಿರ ನಿಂತಿದ್ದ.