ಯಾರೂ ಮುಟ್ಟದ ಸ್ವರ

ಗಾಳಿಯಲ್ಲಿ ತಡೆದು ನಿಂತ ಒಂದು ಕೈ. ಆ ವಾದ್ಯವೆಂದರೆ ನನಗೆ ಮೊದಲು ನೆನಪಾಗುವುದು ಅದೇ.

ನನ್ನ ಸೋದರಮಾವ ದತ್ತುಮಾವ ರೇಡಿಯೋ ರಿಪೇರಿ ಬಿಟ್ಟ ಮೇಲೆ, ಹಳೆಯ ರೇಡಿಯೋ ಭಾಗಗಳನ್ನು ತುಂಬಿದ ಮರದ ಪೆಟ್ಟಿಗೆಯೊಂದಕ್ಕೆ ಹಿತ್ತಾಳೆಯ ಕಡ್ಡಿಯನ್ನೂ ಬಳೆಯನ್ನೂ ಜೋಡಿಸಿ ಅದನ್ನು ಮಾಡಿದ್ದ. ಕಡ್ಡಿಯ ಹತ್ತಿರ ಬಲಗೈ ಒಯ್ದರೆ ಸ್ವರ ಏರುತ್ತಿತ್ತು. ಬಳೆಯತ್ತ ಎಡಗೈ ಇಳಿಸಿದರೆ ಸದ್ದು ಅಡಗುತ್ತಿತ್ತು. ಯಾವುದನ್ನೂ ಮುಟ್ಟುವಂತಿರಲಿಲ್ಲ; ಯಾರೂ ಹತ್ತಿರವಿಲ್ಲದಿದ್ದರೆ ಅದು ನುಡಿಯುತ್ತಲೂ ಇರಲಿಲ್ಲ.

ಪಿಟೀಲು ಬಲ್ಲ ನನಗೆ ಅದನ್ನು ಕಲಿಯುವ ಆಸೆ. ಆದರೆ ಉಸಿರೆಳೆದುಕೊಂಡರೂ ಶ್ರುತಿ ಕದಲುತ್ತಿತ್ತು.

“ಇದರ ಸೂಕ್ಷ್ಮವನ್ನ ಸ್ವಲ್ಪ ಮಂದ ಮಾಡಿಕೊಡು ಮಾವ. ಅತ್ತೆ ಪಕ್ಕದಲ್ಲಿ ಹಾದುಹೋದರೂ ಅಪಸ್ವರ ಬರುತ್ತೆ,” ಎಂದೆ.

“ಅಪಸ್ವರ ಬರಬಾರ್ದು, ನಿಜ. ಆದ್ರೆ ಹತ್ತಿರ ಯಾರು ಬಂದ್ರೂ ಅದಕ್ಕೆ ಗೊತ್ತಾಗ್ಬೇಕು ಕಣೇ. ಅದೇ ಅದರ ಜೀವ,” ಎಂದ ಮಾವ. ನಾನು ಹಟ ಹಿಡಿದಾಗ ನಿಟ್ಟುಸಿರಿಟ್ಟ. “ಆಯ್ತು, ನಾಳೆ ನೋಡೋಣ.”

ಮರುದಿನ ಮಧ್ಯಾಹ್ನ ಮಾವನ ಮನೆಗೆ ಹೋದಾಗ ಅಂಬುಜತ್ತೆ ಸಂತೆಗೆ ಹೊರಟಿದ್ದಳು. “ನಿಮ್ಮಾವ ಕಾಣಿಸ್ಲಿಲ್ಲ, ಪೇಟೆಗೆ ಹೋಗಿರ್ಬೇಕು. ಅಗಳಿ ಹಾಕ್ಕೊಂಡು ನುಡಿಸ್ತಿರು,” ಎಂದಳು.

ಸಾಮಾನಿನ ಮೂಲೆಗೆ ಕಟ್ಟಿದ ಪರದೆಯ ಮುಂದಿದ್ದ ವಾದ್ಯವನ್ನು ನುಡಿಸತೊಡಗಿದೆ. ನನ್ನ ಕೈ ಕದಲದಿದ್ದರೂ ಸ್ವರ ಏರಿತು. ಹೆದರಿ ಗೋಡೆಯವರೆಗೆ ಹಿಂದೆ ಸರಿದೆ. ಸದ್ದು ಅಡಗಿತು. ಆಮೇಲೆ, ನಾನು ಅಷ್ಟು ದೂರ ನಿಂತಿರುವಾಗಲೇ, ಪೆಟ್ಟಿಗೆ ಮೆಲ್ಲನೆ ಗುರುಗುಟ್ಟಿತು.

ಮೈಯೊಂದು ಹತ್ತಿರ ಬಾರದೆ ಅದು ನುಡಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಅಗಳಿ ಹಾಕಿದವಳು ನಾನೇ. ಅಂದರೆ ಒಳಗೆ ಯಾರೋ ಇದ್ದರು. ಸ್ವರ ಏರಿತು, ನಡುಗಿತು, ಇಳಿಯಿತು, ಮತ್ತೆ ಏರಿತು. ಮೇಜಿನ ಮೇಲಿದ್ದ ಸುತ್ತಿಗೆಯನ್ನು ಎತ್ತಿ ಹಿಡಿದು, ವಾದ್ಯದ ಹಿಂದಿನ ಪರದೆಯನ್ನು ಒಂದೇಟಿಗೆ ಸರಿಸಿದೆ.

ಸಾಮಾನುಗಳ ನಡುವೆ ನೆಲದ ಮೇಲೆ ದತ್ತುಮಾವ ಬಿದ್ದಿದ್ದ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಕೂಗಲಾರದೆ ಕಡ್ಡಿಯತ್ತ ಎತ್ತಿದ ಅವನ ಎಡಗೈ ಗಾಳಿಯಲ್ಲಿ ತಡೆದು ನಿಂತಿತ್ತು.

ಸುತ್ತಿಗೆ ಕೈಜಾರಿತು. ಬೀದಿಗೆ ಓಡಿ ಜನರನ್ನು ಕೂಗಿದೆ.

ಲಕ್ವ ಹೊಡೆದಿತ್ತು. ವೈದ್ಯರು ಜೀವ ಉಳಿಸಿದರು, ಮಾತು ಮರಳಲಿಲ್ಲ. ಮನೆಗೆ ಬಂದ ಮೇಲೂ ಅವನು ಗೋಡೆಗೆ ಮುಖಮಾಡಿ ಮಲಗಿರುತ್ತಿದ್ದ. ಹೀಗೇ ಬತ್ತಿಹೋಗುವನೇನೋ ಎಂಬ ಭಯ ನಮ್ಮನ್ನು ಬಿಡಲಿಲ್ಲ.

ಒಂದು ಬೆಳಿಗ್ಗೆ ನಾನು ವಾದ್ಯವನ್ನು ಅವನ ಮಂಚದ ಪಕ್ಕಕ್ಕೆ ಎಳೆದಿಟ್ಟೆ. “ಮಂದ ಮಾಡೋದು ಬೇಡ ಮಾವ. ಹೀಗೇ ಇರಲಿ,” ಎಂದೆ.

ಬಹಳ ಹೊತ್ತಿನ ಮೇಲೆ ಅವನು ಹೊರಳಿದ. ಎಡಗೈ ಎತ್ತಿದ. ತೊದಲುವ ಒಂದು ಸ್ವರ ಕೋಣೆಯಲ್ಲಿ ಹುಟ್ಟಿತು.

ಅಡುಗೆಮನೆಯಿಂದ ಓಡಿಬಂದ ಅತ್ತೆ ಹೊಸಿಲಲ್ಲೇ ನಿಂತಳು. ಹತ್ತಿರ ಬಂದರೆ ಸ್ವರ ಕೆಟ್ಟೀತೆಂದು, ಉಸಿರು ಬಿಗಿಹಿಡಿದು, ಹಿಟ್ಟಿನ ಕೈಗಳನ್ನು ಎದೆಗೆ ಒತ್ತಿಕೊಂಡು.