ಸಾಲಿನಲ್ಲಿ ನಿಂತ ಮಾತು

ಮೊದಲ ಪಾಠ ಸೋಮವಾರ ಬೆಳಗ್ಗೆ ಹತ್ತಕ್ಕೆ, ಎರಡನೆಯದು ಬುಧವಾರ ಅದೇ ಹೊತ್ತಿಗೆ, ಮೂರನೆಯದು ಶುಕ್ರವಾರ. ಮೂರರಲ್ಲೂ ರೋಗಿಯಿಂದ ಸರಿಯುತ್ತರ ಬಾರದಿದ್ದರೆ ಮಾತಿನ ಚಿಕಿತ್ಸೆಯನ್ನು ನಿಲ್ಲಿಸುವುದು ಆಸ್ಪತ್ರೆಯ ನಿಯಮ. ಬೇರೆ ಊರಿನಲ್ಲಿ ಕುಳಿತು ಪರದೆಯ ಮೇಲೆ ಪಾಠ ಹೇಳುವ ಟೀಚರು ಸೋಮವಾರದ ವರದಿಯಲ್ಲಿ ಬರೆದಿದ್ದರು: ‘ಪ್ರಶ್ನೆ ಇಪ್ಪತ್ತು, ಸರಿಯುತ್ತರ ಸೊನ್ನೆ.’

ರೋಗಿ ದರ್ಜಿ, ಪಾರ್ಶ್ವವಾಯು ಬಡಿದು ನಾಲಿಗೆ ಕಟ್ಟಿಹೋಗಿತ್ತು. ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವ ಹುಡುಗಿಗೆ ಅವರು ಸ್ವಂತ ಸೋದರಮಾವ. ಬುಧವಾರ ಅವಳೂ ಅತ್ತೆಯ ಜೊತೆ ಪಕ್ಕದಲ್ಲಿ ಕುಳಿತಳು.

“ಸೂಜಿಗೆ ಏನು ಪೋಣಿಸ್ತೀರಿ?” ಎಂದರು ಟೀಚರು. ಉತ್ತರಕ್ಕೆ ಐದು ಸೆಕೆಂಡ್ ಅವಕಾಶ.

ಮಾವ ಒದ್ದಾಡಿ, ನಾಲ್ಕನೆಯ ಸೆಕೆಂಡಿಗೆ “ದಾ...ರ” ಎಂದರು. ಟೀಚರ ಮುಖ ಕದಲಲಿಲ್ಲ.

“ಪರವಾಗಿಲ್ಲ, ಮುಂದಿನದು. ಬಟ್ಟೆ ಕತ್ತರಿಸೋದು ಯಾವುದರಲ್ಲಿ?” ಎಂದವರು ಮರುಕ್ಷಣವೇ ತಲೆಯಾಡಿಸಿದರು. “ಅಲ್ಲ, ದಾರದಲ್ಲಿ ಬಟ್ಟೆ ಕತ್ತರಿಸೋಕಾಗಲ್ಲ.”

ಮಾವ ಬಾಯಿ ಮುಚ್ಚಿದವರು ಮತ್ತೆ ತೆರೆಯಲಿಲ್ಲ.

“ನೀನು ಆಸ್ಪತ್ರೆಗೆ ಹೊಸ ಇಂಟರ್ನೆಟ್ ಪೆಟ್ಟಿಗೆ ತಂದು ಕೂರಿಸಿದ್ಯಲ್ಲ,” ಎಂದರು ಅತ್ತೆ, “ಅದೇ ಕಣೇ ಇವರ ಮಾತು ನುಂಗ್ತಿರೋದು.”

“ನುಂಗಲ್ಲ ಅತ್ತೆ. ಒಂದು ತುಣುಕೂ ಕಳೆದುಹೋಗಬಾರದು ಅಂತಾನೇ ಅಷ್ಟು ದೊಡ್ಡದು ತಂದಿದ್ದು.”

ಹೇಳಿ ಮುಗಿಸುವಷ್ಟರಲ್ಲಿ ಅವಳ ಮಾತು ಅವಳಿಗೇ ಚುಚ್ಚಿತು. ಪಕ್ಕದ ಸ್ಕ್ಯಾನ್ ಕೋಣೆಯಿಂದಲೂ ಹತ್ತಕ್ಕೇ, ಅದೇ ಪೆಟ್ಟಿಗೆಯ ಮೂಲಕ, ಹೊರಗಿನ ಡಾಕ್ಟರಿಗೆ ಚಿತ್ರಗಳು ಹೊರಡುತ್ತಿದ್ದವು. ಅಲ್ಲಿನ ಕಂಪ್ಯೂಟರು ಚಿತ್ರ ಕಳಿಸುವ ಕ್ರಮ ಹಳೆಯದು: ದಾರಿಯಲ್ಲಿ ಏನಾದರೂ ಕಳೆದುಹೋಗುವವರೆಗೂ ಅದು ವೇಗ ಹೆಚ್ಚಿಸುತ್ತಲೇ ಇರುತ್ತಿತ್ತು. ಅವಳ ಪೆಟ್ಟಿಗೆಯೋ ಸುಲಭಕ್ಕೆ ಏನನ್ನೂ ಕಳೆಯದೆ ಬಂದದ್ದನ್ನೆಲ್ಲ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತಿತ್ತು. ಮಾವನ ‘ದಾರ’ ಆ ಸಾಲಿನ ಬಾಲಕ್ಕೆ ಜೋತುಬಿದ್ದಿತ್ತು. ಅಳೆದು ನೋಡಿದಳು: ಎರಡು ಸೆಕೆಂಡ್ ತಡ. ನಾಲ್ಕಕ್ಕೆ ಹೇಳಿದ್ದು ಟೀಚರಿಗೆ ಆರಕ್ಕೆ ಕೇಳಿಸುತ್ತಿತ್ತು.

ಗುರುವಾರ ಅವಳು ಆ ಕಂಪ್ಯೂಟರಿಗೆ ಹೊಸ ಕ್ರಮ ಅಳವಡಿಸಿದಳು. ಇದು ಕಳೆದುಹೋಗುವುದನ್ನು ಕಾಯದೆ, ತಡ ಹೆಚ್ಚಿದ ಸುಳಿವು ಸಿಕ್ಕೊಡನೆ ವೇಗ ತಗ್ಗಿಸುವಂಥದ್ದು.

“ನನ್ನ ಚಿತ್ರ ತೆವಳಿದ್ರೆ ಡಾಕ್ಟ್ರು ನನ್ನ ಚರ್ಮ ಸುಲೀತಾರಮ್ಮ,” ಎಂದ ಸ್ಕ್ಯಾನ್ ಕೋಣೆಯವನು.

“ತೆವಳಲ್ಲ. ಬಾಗಿಲು ಇರೋದೇ ಅಷ್ಟಗಲ. ಹೊರಗೆ ನೂಕುನುಗ್ಗಲು ಮಾಡಿದ್ರೆ ಒಳಗೆ ಹೋಗೋರು ಜಾಸ್ತಿ ಆಗ್ತಾರಾ?”

“ಆಯ್ತು. ಬೈಸಿಕೊಳ್ಳೋಕೆ ಮಾತ್ರ ನೀವೇ ಬರಬೇಕು.”

ಶುಕ್ರವಾರ ಚಿತ್ರಗಳು ಹೊರಟಿದ್ದಾಗಲೇ ಪಾಠ ಆರಂಭವಾಯಿತು.

“ಗುಂಡಿ ತೂರಿಸೋದು ಎಲ್ಲಿ?”

ನಾಲ್ಕು ಸೆಕೆಂಡ್ ಕಳೆದವು. “ಕಾ...ಜಾ,” ಎಂದರು ಮಾವ.

“ಕಾಜಾ, ಸರಿ,” ಎಂದರು ಟೀಚರು ತಕ್ಷಣ. “ಎಲ್ಲಿ ಅಡಗಿಸಿಟ್ಟಿದ್ರಿ ಇಷ್ಟು ದಿನ?”

ಅತ್ತೆ ಸೆರಗಿನಿಂದ ಕಣ್ಣೊತ್ತಿಕೊಂಡರು. “ಇನ್ನು ಮನೇಲಿ ಎದುರುತ್ತರ ಶುರು,” ಎಂದರು.

ಸಾಲಿನ ತಡ ಎರಡು ಸೆಕೆಂಡಿನಿಂದ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗಕ್ಕೆ ಇಳಿದಿತ್ತು. ಚಿತ್ರಗಳ ರವಾನೆಯ ವೇಗ ನೂರಕ್ಕೆ ಮೂರರಷ್ಟು ಮಾತ್ರ ತಗ್ಗಿತ್ತು. ಇಪ್ಪತ್ತು ಪ್ರಶ್ನೆಗಳಲ್ಲಿ ಹದಿನಾಲ್ಕಕ್ಕೆ ಮಾವ ಸರಿಯುತ್ತರ ಕೊಟ್ಟಿದ್ದರು.